ಸದ್ದಿಗೆ ಮರುಳಾಗುವ ಮೊದಲು ಬ್ಲಾಕ್ ಅಳೆಸಿ

ದಾವಣಗೆರೆ, ಹರಿಹರದಲ್ಲಿ ಓದುತ್ತಾ ದುಡಿಯುತ್ತಾ, ಕೂಡಿಟ್ಟ ದುಡ್ಡಿನಲ್ಲಿ ಹಳೇ ಬೈಕ್ ಕೊಳ್ಳಲು ಹೊರಟಿರುವ ತಮ್ಮಂದಿರೇ, ತಂಗಿಯರೇ,

ಹೋದ ಮಳೆಗಾಲದ ಒಂದು ಸಂಜೆ ನಿಮ್ಮ ವಯಸ್ಸಿನವನೇ ಒಬ್ಬ ಹುಡುಗ ಹರಿಹರದ ನಮ್ಮ ಶೆಡ್‌ಗೆ ಬಂದ. ಮೊಣಕೈಗೆ ಬ್ಯಾಂಡೇಜು, ಕೈಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಯಮಹಾ ಆರ್‌ಎಕ್ಸ್100 ಬ್ಲಾಕು. ಬಿಚ್ಚಿ ನೋಡಿದರೆ ಬೋರಿನ ಒಳಗೋಡೆಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಮೆತ್ತಿಕೊಂಡಿತ್ತು. ಗಾಡಿ ಕೊಂಡು ಮೂರು ದಿನವಾಗಿತ್ತಂತೆ. ದಾವಣಗೆರೆಯಲ್ಲಿ ಟ್ಯಾಂಕ್ ತುಂಬಾ ಪೆಟ್ರೋಲ್ ಹಾಕಿಸಿಕೊಂಡು ಹರಿಹರದ ಕಡೆ ಹೊರಟವನಿಗೆ ಬಾತಿ ಹತ್ತಿರ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಬಿಗಿದು ನಿಂತಿದೆ. ಕ್ಲಚ್ ಹಿಡಿಯುವಷ್ಟರಲ್ಲಿ ಗಾಡಿ ಅಡ್ಡಡ್ಡ ಜಾರಿ ಬಿದ್ದಿದ್ದಾನೆ. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಒತ್ತಿದ್ದಕ್ಕೆ ಹುಡುಗ ನನ್ನೆದುರು ನಿಂತು ಮಾತಾಡುತ್ತಿದ್ದ.

ಅವನು ಹೇಳಿದ ಒಂದು ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ಅಣ್ಣಾ, ಆಯಿಲ್ ನೋಡ್ಕೊಂಡೇ ಹೊರಟಿದ್ದೆ. ಆಯಿಲ್ ಟ್ಯಾಂಕ್ ಫುಲ್ ಇತ್ತು."

ಹೌದು, ತುಂಬಿತ್ತು. ತುಂಬಿಯೇ ಇರುತ್ತದೆ. ಅದರಿಂದ ಒಂದು ಹನಿಯೂ ಇಂಜಿನ್‌ಗೆ ಹೋಗುತ್ತಿರಲಿಲ್ಲ.

ಇದು ನಿಮಗೆ ಪೂರ್ತಿ ಅರ್ಥವಾಗಬೇಕು. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗಿಗೂ ಜಿಡ್ಡು ಸಿಗುವುದು ಪೆಟ್ರೋಲ್ ಜೊತೆ ಒಳಗೆ ಹೋಗುವ 2ಟಿ ಆಯಿಲ್‌ನಿಂದ ಮಾತ್ರ. ಯಮಹಾದವರು ಅದಕ್ಕೆಂದೇ ಆಟೋಲ್ಯೂಬ್ ಎಂಬ ಪಂಪ್ ಕೊಟ್ಟಿದ್ದರು. ಆಕ್ಸಿಲರೇಟರ್ ತಿರುಗಿಸಿದಷ್ಟು ಆಯಿಲ್ ಬೇರೆ ಟ್ಯಾಂಕಿನಿಂದ ತಾನಾಗಿ ಹೋಗುತ್ತದೆ. ಗಾಡಿ ಹಳತಾದಂತೆ ಕೆಲವರಿಗೆ ಆ ಪಂಪಿನ ಮೇಲೆ ನಂಬಿಕೆ ಹೋಗುತ್ತದೆ. ಇನ್ನು ಕೆಲವರು ಇಂಜಿನ್ ಪೋರ್ಟಿಂಗ್ ಮಾಡಿಸಿ ಜೋರಾಗಿ ಓಡಿಸುವವರು, ಆಯಿಲ್ ಎಷ್ಟು ಬೇಕೆಂದು ತಾವೇ ತೀರ್ಮಾನಿಸುತ್ತಾರೆ. ಇಬ್ಬರೂ ಪಂಪ್ ಬಿಚ್ಚಿಸಿ ಆ ಜಾಗಕ್ಕೆ ಪ್ಲೇಟ್ ಮುಚ್ಚಿಸುತ್ತಾರೆ. ಅಲ್ಲಿಂದ ಮುಂದೆ ಪ್ರತಿ ಸಲವೂ ಪೆಟ್ರೋಲ್ ಟ್ಯಾಂಕಿಗೇ ಆಯಿಲ್ ಬೆರೆಸುತ್ತಾರೆ. ಮಾಡಿದವನಿಗೆ ಅದು ಗೊತ್ತಿರುತ್ತದೆ, ಗಾಡಿ ಓಡುತ್ತದೆ. ಅದೇ ಗಾಡಿ ಎರಡು ಕೈ ದಾಟಿ ಮೂರನೆಯವನಿಗೆ ಬರುವಷ್ಟರಲ್ಲಿ ಆ ಒಂದು ಮಾತು ನಡುವೆ ಎಲ್ಲೋ ಬಿದ್ದುಹೋಗಿರುತ್ತದೆ. ಅವನು ಬರೀ ಪೆಟ್ರೋಲ್ ತುಂಬಿಸಿಕೊಂಡು ಹೈವೇಗೆ ಇಳಿಯುತ್ತಾನೆ.

ಮಾರಿದವನು ಬೇಕೆಂದೇ ಮುಚ್ಚಿಟ್ಟನೋ, ಅವನಿಗೂ ಗೊತ್ತಿರಲಿಲ್ಲವೋ, ನಾನು ಹೇಳಲಾರೆ. ಆದರೆ ಆ ಸಂಜೆಯಿಂದ ನಿಮಗೆಲ್ಲ ಈ ಪತ್ರ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ. ಹಳೇ ಗಾಡಿ ಕೊಳ್ಳುವಾಗ ನೀವು ಬಣ್ಣ ನೋಡುತ್ತೀರಿ, ಟೈರ್ ನೋಡುತ್ತೀರಿ, ಆರ್‌ಸಿ ನೋಡುತ್ತೀರಿ, ಒಂದು ರೌಂಡ್ ಹೊಡೆದು ಸದ್ದು ಕೇಳುತ್ತೀರಿ. ಇಂಜಿನ್ ಒಳಗೆ ಯಾರು ಏನು ಬದಲಾಯಿಸಿದ್ದಾರೆ ಎಂದು ಮಾತ್ರ ಕೇಳುವುದಿಲ್ಲ.

ನಾನು ಲೇತ್ ಮತ್ತು ಬೋರಿಂಗ್ ಕೆಲಸದವನು. ನಮ್ಮ ಹರಿಹರಕ್ಕೆ ಹರಿಹರೇಶ್ವರನ ಗುಡಿ ಒಂದು ಗುರುತಾದರೆ, 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇನ್ನೊಂದು ಗುರುತು. ಇಲ್ಲಿ ತಯಾರಾದ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಿಗೆ ಹೋದವು. ನಾನು ಕೆಲಸ ಕಲಿತದ್ದೂ ಒಂದು ಕಿರ್ಲೋಸ್ಕರ್ ಲೇತಿನ ಮೇಲೆಯೇ. ನಮಗೆ ಕೆಲಸ ಕಲಿಸಿದವರು ಬಾಯಲ್ಲಿ ಹೇಳಿದ ಅಳತೆಯನ್ನು ಒಪ್ಪುತ್ತಿರಲಿಲ್ಲ. "ಮೈಕ್ರೋಮೀಟರ್ ಹಚ್ಚಿದಿಯೇನೋ?" ಅಂತಲೇ ಕೇಳುತ್ತಿದ್ದರು. ಕಾರ್ಖಾನೆ ಮುಚ್ಚಿತು, ಆದರೆ ಅಳೆಯುವ ಕೈಗಳು, ಬೋರ್ ಗೇಜುಗಳು ಹರಿಹರ, ದಾವಣಗೆರೆ ಎರಡೂ ಊರಿನಲ್ಲಿ ಇನ್ನೂ ಇವೆ. ಅಂಥ ಊರಿನ ಮಕ್ಕಳು ಸದ್ದಿಗೆ ಮರುಳಾಗಿ ಇಂಜಿನ್ ಕೊಳ್ಳುತ್ತಾರಲ್ಲ, ಅದೇ ನನಗೆ ತಡೆಯಲಾಗದ ಸಂಕಟ.

ಮೊದಲು ಆರ್‌ಸಿ ವಿಷಯ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತೀರಿ. ಎಂಪರಿವಾಹನ್ ಆಪ್‌ನಲ್ಲಿ ಕೆಎ-17ರ ನಂಬರ್ ಹಾಕಿ, ಆರ್‌ಸಿಯ ಇಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆ ನೋಡಿ, "ಪೇಪರ್ ಕ್ಲಿಯರ್ ಐತಿ" ಎಂದು ನಿರಾಳವಾಗುತ್ತೀರಿ. ತಾಳೆ ನೋಡಲೇಬೇಕು. ನಂಬರ್ ಹೊಡೆದ ಜಾಗವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಸುತ್ತಲಿನ ಲೋಹ ಅರ ಹಾಕಿ ಉಜ್ಜಿದಂತಿದೆಯೇ, ಅಂಕಿಗಳು ಒಂದೇ ಸಾಲಿನಲ್ಲಿ ಒಂದೇ ಆಳದಲ್ಲಿವೆಯೇ ಅಂತಲೂ ನೋಡಿ. ಆದರೆ ಇಂಜಿನ್ ನಂಬರ್ ಇರುವುದು ಕ್ರ್ಯಾಂಕ್‌ಕೇಸಿನ ಮೇಲೆ, ಅಂದರೆ ಇಂಜಿನ್ನಿನ ಕೆಳಭಾಗದಲ್ಲಿ. ಶಕ್ತಿ ಹುಟ್ಟುವ ಜಾಗ ಅದರ ಮೇಲೆ ಕೂರುವ ಬ್ಲಾಕ್ ಮತ್ತು ಹೆಡ್. ಬ್ಲಾಕ್ ಬದಲಾಯಿಸಿದರೆ ಇಂಜಿನ್ ನಂಬರಿಗೆ ಏನೂ ಆಗುವುದಿಲ್ಲ. ಆರ್‌ಸಿಯಲ್ಲಿ 98 ಸಿಸಿ ಎಂದಿದ್ದು, ನಂಬರ್ ಅಕ್ಷರಶಃ ತಾಳೆಯಾಗಿ, ಮೇಲೆ ಮಾತ್ರ 132 ಸಿಸಿಯ ಬ್ಲಾಕ್ ಕೂತಿರಬಹುದು.

ಇದರ ಲೆಕ್ಕ ನೀವೇ ಹಾಕಬಹುದು. ಬೋರ್ ಎಷ್ಟು ಮಿಲಿಮೀಟರ್ ಇದೆಯೋ ಅದನ್ನು ಅದರಿಂದಲೇ ಗುಣಿಸಿ, 0.7854ರಿಂದ ಗುಣಿಸಿ, ಸ್ಟ್ರೋಕ್‌ನಿಂದ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಆಡುವ ದೂರದಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಬರುವುದೇ ಸಿಸಿ. ಆರ್‌ಎಕ್ಸ್100ರ ಬೋರ್ 50, ಸ್ಟ್ರೋಕೂ 50. ಉತ್ತರ 98. ಆರ್‌ಎಕ್ಸ್135ರ ಸ್ಟ್ರೋಕ್ ಅದೇ 50, ಬೋರ್ ಮಾತ್ರ 58. ಉತ್ತರ 132. ಸ್ಟ್ರೋಕ್ ಒಂದೇ ಆಗಿರುವುದರಿಂದಲೇ ಒಂದರ ಮೇಲೆ ಇನ್ನೊಂದರ ಬ್ಲಾಕ್ ಕೂರಿಸುವ ಆಸೆ ಜನರಿಗೆ ಹುಟ್ಟಿದ್ದು.

ಈಗ ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಬೋರ್ ಮಾಡಿಸಿದ ಗಾಡಿ ಎಂದರೆ ಹೆದರಿ ಓಡಬೇಡಿ. ಬೋರ್ ಸವೆದಾಗ ಕಾಲು ಮಿಲಿಮೀಟರಿನಂತೆ ದೊಡ್ಡದು ಮಾಡಿ ಆ ಅಳತೆಯ ಪಿಸ್ಟನ್ ಹಾಕುವುದು ಕ್ರಮಬದ್ಧ ರಿಪೇರಿ. ಆರ್‌ಎಕ್ಸ್100ಕ್ಕೆ 50.25, 50.50, 50.75, ಕೊನೆಗೆ 51. ಕೊನೆಯ ಮೆಟ್ಟಿಲಿಗೆ ಹೋದರೂ ಸಿಸಿ ಆಗುವುದು 102, ಅಷ್ಟೇ. ಇಂಜಿನ್ನಿನ ಸ್ವಭಾವ ಬದಲಾಗುವುದಿಲ್ಲ. ಆದರೆ ಮೆಟ್ಟಿಲು ಇರುವುದು ನಾಲ್ಕೇ. ಗಾಡಿ ಈಗ ಎಷ್ಟನೇ ಮೆಟ್ಟಿಲ ಮೇಲೆ ನಿಂತಿದೆ ಎಂದು ಕೇಳುವುದು ನಿಮ್ಮ ಹಕ್ಕು. ನಾಲ್ಕೂ ಮುಗಿದಿದ್ದರೆ ಮುಂದಿನ ಸಲ ಸ್ಲೀವ್ ಹಾಕಿಸಬೇಕು, ಇಲ್ಲವೇ ಬೇರೆ ಬ್ಲಾಕ್ ಹುಡುಕಬೇಕು. ಕೊನೆಯ ಆರ್‌ಎಕ್ಸ್100 ತಯಾರಾದದ್ದು 1996ರಲ್ಲಿ. ನಮ್ಮ ಮೈಸೂರಿನ ಐಡಿಯಲ್ ಜಾವಾದಲ್ಲಿ ಯೆಜ್ಡಿ ಬೈಕಿನ ತಯಾರಿಕೆ ನಿಂತದ್ದೂ ಅದೇ ವರ್ಷ. ಇವುಗಳ ಒಳ್ಳೆಯ ಕಂಪನಿ ಬ್ಲಾಕ್ ಸಿಕ್ಕರೆ ಅದನ್ನು ಜೋಪಾನ ಮಾಡಬೇಕು. ನೀವು ಕೊಡುವ ದುಡ್ಡಿನ ಬಹುಪಾಲು ಆ ಬ್ಲಾಕಿಗೇ ಹೋಗುತ್ತಿದೆ ಎಂದು ತಿಳಿಯಿರಿ.

ನಾಲ್ಕರಲ್ಲಿ ಯಾವ ಮೆಟ್ಟಿಲು ಎಂದು ತಿಳಿಯುವುದು ಹೇಗೆ? ಹೆಡ್ ಬಿಚ್ಚಿದರೆ ಸಾಕು. ಟೂ ಸ್ಟ್ರೋಕ್ ಹೆಡ್‌ನಲ್ಲಿ ವಾಲ್ವ್ ಇಲ್ಲ, ಚೈನ್ ಇಲ್ಲ. ಕೈ ಪಳಗಿದ ಮೆಕ್ಯಾನಿಕ್‌ಗೆ ಅದು ಅರ್ಧ ಗಂಟೆಯ ಕೆಲಸ. ಪಿಸ್ಟನ್ನನ್ನು ಮೇಲೆ ತಂದು ತಲೆಯ ಮೇಲಿನ ಕರಿ ಒರೆಸಿದರೆ ಓವರ್‌ಸೈಜಿನ ಅಂಕಿ ಅಚ್ಚಾಗಿರುವುದು ಕಾಣುತ್ತದೆ. ಪಿಸ್ಟನ್ನನ್ನು ಕೆಳಗಿಳಿಸಿ ವರ್ನಿಯರ್ ಹಿಡಿದರೆ 50ರ ಬೋರೋ 58ರ ಬೋರೋ ಅಲ್ಲೇ ಇತ್ಯರ್ಥ. ಸವೆತ ಎಷ್ಟು, ಬೋರ್ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ ಎಂದು ನೋಡಲು ಮಾತ್ರ ಬೋರ್ ಗೇಜ್ ಬೇಕು. ಮೇಲೆ, ನಡುವೆ, ಕೆಳಗೆ, ಮೂರು ಕಡೆ, ಎರಡೆರಡು ದಿಕ್ಕಿನಲ್ಲಿ ಅಳೆಯಬೇಕು.

"ಹೆಡ್ ಬಿಚ್ಚೋಕೆ ಯಾರು ಬಿಡ್ತಾರೆ ಅಣ್ಣಾ" ಎನ್ನುತ್ತೀರಿ. ಕೇಳಿ ನೋಡಿ. ರೇಟ್ ಕುದುರಿದ ಮೇಲೆ, ಸ್ವಲ್ಪ ಅಡ್ವಾನ್ಸ್ ಕೊಟ್ಟು, ನಿಮ್ಮ ಮೆಕ್ಯಾನಿಕ್ ಹತ್ತಿರ ಹೆಡ್ ಬಿಚ್ಚಿ ಅಳೆಸುತ್ತೇನೆ, ಗ್ಯಾಸ್ಕೆಟ್ ಖರ್ಚು ನನ್ನದೇ, ಹೇಳಿದಂತೆ ಇದ್ದರೆ ಉಳಿದ ದುಡ್ಡು ಎನ್ನಿ. ಮುಚ್ಚಿಡುವುದು ಏನೂ ಇಲ್ಲದವನು ಒಪ್ಪುತ್ತಾನೆ. ಒಪ್ಪದಿದ್ದರೆ ಸೈಲೆನ್ಸರ್ ಒಂದನ್ನಾದರೂ ಬಿಚ್ಚಲು ಕೇಳಿ. ಆ ತೂತಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು, ಕಿಕ್ಕರನ್ನು ಕೈಯಲ್ಲಿ ಮೆಲ್ಲಗೆ ಒತ್ತುತ್ತಾ ಪಿಸ್ಟನ್ ಮೇಲೆ ಕೆಳಗೆ ಆಡುವುದನ್ನು ನೋಡಿ. ಪಿಸ್ಟನ್ ಬದಿಯಲ್ಲಿ ಉದ್ದುದ್ದ ಗೀರು ಕಂಡರೆ ಅದು ಒಮ್ಮೆ ಜಾಮ್ ಆದ ಇಂಜಿನ್. ಪೋರ್ಟಿನ ಅಂಚಿನಲ್ಲಿ ಅರದ ಗೀಚು, ಕೈಯಿಂದ ಉಜ್ಜಿದ ಹೊಳಪು ಕಂಡರೆ ಅದು ಪೋರ್ಟಿಂಗ್ ಮಾಡಿಸಿದ ಬ್ಲಾಕ್.

ಪೋರ್ಟಿಂಗ್ ಎಂದರೆ ಹೊಗೆ ಹೊರಗೆ ಹೋಗುವ ಕಿಂಡಿಯನ್ನು, ಗಾಳಿ ಪೆಟ್ರೋಲ್ ಬರುವ ಕಿಂಡಿಗಳನ್ನು ಉಜ್ಜಿ ದೊಡ್ಡದು ಮಾಡುವುದು. ಹೊಗೆಯ ಕಿಂಡಿಯನ್ನು ಎತ್ತರಿಸಿದರೆ ಇಂಜಿನ್ ಮೇಲಿನ ಆರ್‌ಪಿಎಂನಲ್ಲಿ ಬಲ ಕೊಡುತ್ತದೆ, ಕೆಳಗೆ ಸೊರಗುತ್ತದೆ. ಖಾಲಿ ರಸ್ತೆಯಲ್ಲಿ ಒಂದು ರೌಂಡ್ ಹೊಡೆದಾಗ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ನೀವು ದಿನಾ ಓಡಿಸುವುದು ಅಶೋಕ ರಸ್ತೆಯ ಗದ್ದಲದಲ್ಲಿ, ಗಾಂಧಿ ಸರ್ಕಲ್‌ನ ಸಿಗ್ನಲ್‌ನಲ್ಲಿ. ಅಲ್ಲಿ ಆ ಗಾಡಿ ಬಿಕ್ಕುತ್ತದೆ, ಪ್ಲಗ್ ಹಸಿಯಾಗುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಕಿಂಡಿಯನ್ನು ಅತಿ ಅಗಲ ಮಾಡಿ ಅಂಚು ಮೊಂಡು ಮಾಡದೆ ಬಿಟ್ಟಿದ್ದರಂತೂ ಪಿಸ್ಟನ್ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ.

ಇನ್ನು ಹೆಡ್ ಶೇವ್. ಇದರಲ್ಲಿ ನನ್ನ ಪಾಲೂ ಇದೆ, ಹೇಳಿಕೊಳ್ಳಲೇಬೇಕು. ಹೆಡ್ಡಿನ ಕೆಳಮೈಯನ್ನು ಲೇತಿನಲ್ಲಿ ತುಸು ತೆಗೆದರೆ ಒಳಗಿನ ಜಾಗ ಕಿರಿದಾಗಿ ಕಂಪ್ರೆಶನ್ ಏರುತ್ತದೆ, ಪಿಕಪ್ ಚುರುಕಾಗುತ್ತದೆ. ವರ್ಷಗಟ್ಟಲೆ ಹುಡುಗರು ಹೆಡ್ ತಂದರು, ನಾನು ತೆಗೆದುಕೊಟ್ಟೆ. ಯಾವ ಗಾಡಿಯದು, ಆಮೇಲೆ ಯಾರ ಕೈಗೆ ಹೋಗುತ್ತದೆ ಎಂದು ಕೇಳಲಿಲ್ಲ. ಅಂಥ ಇಂಜಿನ್ ಬೇಸಿಗೆಯಲ್ಲಿ ಇಬ್ಬರನ್ನು ಕೂರಿಸಿಕೊಂಡು ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರ್ ಒಂದೇ ಸಮ ಹೋದರೆ ಹೆಡ್ ಕಾದು, ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು, ಟಣಟಣ ಬಡಿಯಲು ಶುರುವಾಗುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ನಿನ ತಲೆಯೇ ತೂತು. ಈಗ ನಾನು ಹೆಡ್ ಶೇವ್ ಮಾಡಿದರೆ ಎಷ್ಟು ತೆಗೆದೆ ಎಂದು ಬಿಲ್‌ನಲ್ಲಿ ಬರೆಯುತ್ತೇನೆ, ಹೆಡ್ಡಿನ ರೆಕ್ಕೆಯ ಬದಿಯಲ್ಲೂ ಪಂಚ್ ಹೊಡೆಯುತ್ತೇನೆ. ನಮ್ಮ ಊರಿನ ಲೇತಿನವರೆಲ್ಲ ಹೀಗೆ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ನೀವು ಗಾಡಿ ನೋಡಲು ಹೋಗುವ ದಿನ, ಬೆಳಿಗ್ಗೆ ಹೋಗಿ. ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹಿಂದಿನ ರಾತ್ರಿಯೇ ಫೋನ್‌ನಲ್ಲಿ ಹೇಳಿ. ಹೋದ ಕೂಡಲೇ ಬ್ಲಾಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಮಗಾಗಿ ಬಿಸಿ ಮಾಡಿ ಇಟ್ಟಿದ್ದಾರೆ. ತಣ್ಣಗಿನ ಇಂಜಿನ್ ಎಷ್ಟು ಕಿಕ್‌ಗೆ ಏಳುತ್ತದೆ, ಎದ್ದಾಗ ಏನು ಸದ್ದು ಮಾಡುತ್ತದೆ ಎನ್ನುವುದರಲ್ಲೇ ಅದರ ಆರೋಗ್ಯವೆಲ್ಲ ಇದೆ. ಟೂ ಸ್ಟ್ರೋಕ್ ಎದ್ದಾಗ ಸ್ವಲ್ಪ ಬಿಳಿಹೊಗೆ ಬಂದು ನಿಲ್ಲಬೇಕು. ಹತ್ತು ನಿಮಿಷ ಓಡಿದ ಮೇಲೂ ದಟ್ಟ ಹೊಗೆ ಬರುತ್ತಿದ್ದು ಗೇರ್ ಆಯಿಲ್ ಸುಟ್ಟ ವಾಸನೆ ಹೊಡೆದರೆ ಕ್ರ್ಯಾಂಕಿನ ಸೀಲ್ ಹೋಗಿದೆ. ಪ್ಲಗ್ ಬಿಚ್ಚಿ ನೋಡಿ: ತುದಿ ಕಾಫಿ ಪುಡಿ ಬಣ್ಣಕ್ಕಿದ್ದರೆ ಒಳ್ಳೆಯದು, ಸುಣ್ಣದಂತೆ ಬೆಳ್ಳಗಿದ್ದರೆ ಇಂಜಿನ್ ಕಾಯುತ್ತಿದೆ. ಆಮೇಲೆ, ಮರೆಯದೆ, ಆಯಿಲ್ ಪಂಪಿನ ಸಣ್ಣ ಕವರ್ ತೆಗೆಸಿ. ಒಬ್ಬರು ಆಕ್ಸಿಲರೇಟರ್ ತಿರುಗಿಸಿದರೆ ಇನ್ನೊಬ್ಬರಿಗೆ ಪಂಪಿನ ಕೇಬಲ್ ಎಳೆದು ಚಕ್ರ ತಿರುಗುವುದು ಕಾಣಬೇಕು. ಆ ಹುಡುಗ ಇದೊಂದು ನೋಡಿದ್ದರೆ ಸಾಕಿತ್ತು.

ಫೋರ್ ಸ್ಟ್ರೋಕ್ ಕೊಳ್ಳುವವರೇ ಈಗ ಹೆಚ್ಚು, ಅದಕ್ಕೂ ಎರಡು ಮಾತು. ಅವುಗಳ ಹೆಡ್ ಬಿಚ್ಚುವುದು ದೊಡ್ಡ ಕೆಲಸ, ಕೊಳ್ಳುವ ಮೊದಲು ಆಗುವಂಥದ್ದಲ್ಲ. ಪ್ಲಗ್ ತೂತಿಗೆ ಕಂಪ್ರೆಶನ್ ಗೇಜ್ ಹಚ್ಚಿಸಿ, ಕಂಪನಿ ಹೇಳಿದ ಅಂಕಿಗೆ ಹೋಲಿಸಿ. ತೀರಾ ಕಡಿಮೆ ಬಂದರೆ ಸವೆತ, ಬೇಕಾದ್ದಕ್ಕಿಂತ ಹೆಚ್ಚು ಬಂದರೆ ಯಾರೋ ಕೈ ಆಡಿಸಿದ್ದಾರೆ ಎಂಬ ಅನುಮಾನ. ಬ್ಲಾಕಿನ ಮೇಲೆ ಎರಕದಲ್ಲೇ ಸಿಸಿ ಅಚ್ಚಾಗಿರುವ ಗಾಡಿಗಳಿವೆ, ಮಣ್ಣು ಒರೆಸಿ ಓದಿ. ಮುಂದಿನ, ಹಿಂದಿನ ಸ್ಪ್ರಾಕೆಟ್‌ನ ಹಲ್ಲು ಎಣಿಸಿ. ಹಲ್ಲು ಬದಲಾಯಿಸಿ ಸೊರಗಿದ ಇಂಜಿನ್ನಿಗೂ ಒಂದು ರೌಂಡಿನ ಮಟ್ಟಿಗೆ ಪಿಕಪ್ ಕೊಡಿಸಬಹುದು. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಯಾದರೆ ಮೋಸ ಕಬ್ಬಿಣದಲ್ಲಷ್ಟೇ ಅಲ್ಲ, ಇಂಜಿನ್ ನಿಯಂತ್ರಿಸುವ ಇಸಿಯುನಲ್ಲೂ ಇರಬಹುದು. ಕೀ ತಿರುಗಿಸಿದಾಗ ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಸೈಲೆನ್ಸರ್ ಕಂಪನಿಯದಲ್ಲದಿದ್ದರೆ ಒಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಹೋಯಿತೆಂದೇ ಲೆಕ್ಕ. ಕಂಪನಿ ಸರ್ವೀಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿಸಿ ನೋಡದೆ ಅಂಥ ಗಾಡಿಗೆ ಕೈ ಹಾಕಬೇಡಿ.

ಕಾನೂನಿನ ಮಾತನ್ನೂ ಕೇಳಿ, ನೀವು ಇನ್ನೂ ಕೋರ್ಟು ಕಚೇರಿ ನೋಡಿದವರಲ್ಲ. ಆರ್‌ಸಿಯಲ್ಲಿ ಇರುವ ವಿವರಕ್ಕೂ ಕಂಪನಿ ಮಾಡಿದ್ದಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಬದಲಾಯಿಸಿದವರು ಯಾರೇ ಇರಲಿ, ಆರ್‌ಸಿ ನಿಮ್ಮ ಹೆಸರಿಗೆ ಆದ ಮೇಲೆ ರಸ್ತೆಯಲ್ಲಿ ತಡೆದಾಗ ಉತ್ತರ ಕೊಡಬೇಕಾದವರು ನೀವು. ಇನ್ಶೂರೆನ್ಸ್ ಕೂಡ ಸಿಸಿಯ ಮೇಲೆ ನಿಂತಿದೆ. 75ರಿಂದ 150 ಸಿಸಿಗೆ ಒಂದು ಥರ್ಡ್ ಪಾರ್ಟಿ ದರ, 150 ದಾಟಿದರೆ ಇನ್ನೊಂದು. 150ರ ಒಳಗಿನ ಗಾಡಿಗೆ 180ರ ಬ್ಲಾಕ್ ಕೂರಿಸಿದ್ದು ಅಪಘಾತವಾದಾಗ ಸರ್ವೇಯರ್ ಕಣ್ಣಿಗೆ ಬಿದ್ದರೆ ನಿಮ್ಮ ಕ್ಲೇಮ್ ತಕರಾರಿಗೆ ಸಿಕ್ಕಿತೆಂದೇ ತಿಳಿಯಿರಿ. ನೀವು ದುಡಿದು ಕೂಡಿಟ್ಟ ದುಡ್ಡು ಅದು.

ಫಾರಂ 29, 30ಕ್ಕೆ ಇಬ್ಬರ ಸಹಿಯಾಗಿ ವರ್ಗಾವಣೆ ಆಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಣವಾಗಿದೆಯೇ ನೋಡಿ. ಕೊನೆಯದಾಗಿ ಒಂದು ಬಿಳಿ ಹಾಳೆ ತೆಗೆದುಕೊಂಡು ಹೋಗಿ. ಮಾರುವವರು ಮನೆಯವರಿರಲಿ, ಆಟೋ ಕನ್ಸಲ್ಟೆಂಟ್ ಇರಲಿ, ಗೌರವದಿಂದಲೇ ಕೇಳಿ: ಬೋರ್ ಎಷ್ಟು, ಪಿಸ್ಟನ್ ಯಾವ ಸೈಜು, ಬ್ಲಾಕ್ ಇದೇ ಗಾಡಿಯದೇ, ಹೆಡ್ ಶೇವ್ ಆಗಿದೆಯೇ, ಪೋರ್ಟ್ ಮುಟ್ಟಿದ್ದಾರೆಯೇ, ಕಾರ್ಬೊರೇಟರ್ ಯಾವುದು, ಆಯಿಲ್ ಪಂಪ್ ಕೆಲಸ ಮಾಡುತ್ತಿದೆಯೇ. ಉತ್ತರಗಳನ್ನು ಅವರ ಎದುರೇ ಬರೆದು, ಗಾಡಿ ನಂಬರ್, ತಾರೀಖು ಹಾಕಿ, ಸಹಿ ಮಾಡಿಸಿಕೊಳ್ಳಿ. ಬಾಯಲ್ಲಿ "ಎಲ್ಲಾ ಒರಿಜಿನಲ್" ಎಂದವರು ಪೆನ್ನು ಕೊಟ್ಟಾಗ ತಡವರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಗೊತ್ತಿಲ್ಲ" ಎಂದು ಬರೆಸಿದವರ ಗಾಡಿ ಬೇಕಾದರೆ ಕೊಳ್ಳಿ, ಹೆಡ್ ಬಿಚ್ಚಿಸಿ ನೋಡಿ ಕೊಳ್ಳಿ.

ಗಾಡಿ ಬದಲಾಯಿಸುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ರೇಸ್ ಟ್ರ್ಯಾಕಿಗೆಂದೇ ಇಂಜಿನ್ ಕಟ್ಟುವ ಕೈಗಳ ಮೇಲೆ ನನಗೆ ದೊಡ್ಡ ಗೌರವವಿದೆ. ಅವರು ಪ್ರತಿ ಅಳತೆಯನ್ನೂ ಬರೆದಿಡುತ್ತಾರೆ. ಬರೆಯದೆ, ಹೇಳದೆ, ಇನ್ನೊಬ್ಬರ ಮಗನ ಕಾಲಡಿಗೆ ಅದನ್ನು ದಾಟಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಆ ಹುಡುಗನ ಬ್ಲಾಕ್ ಗೇಜಿಗೆ 50.50 ತೋರಿಸಿತ್ತು. ಅಂದರೆ ಎರಡನೇ ಮೆಟ್ಟಿಲು. ಮೆತ್ತಿದ ಅಲ್ಯೂಮಿನಿಯಂ ತೆಗೆದು, ಗೀರು ಪೂರ್ತಿ ಹೋಗುವತನಕ ಕೊರೆದಾಗ 51ಕ್ಕೆ ಬಂದು ನಿಂತಿತು. ಒಂದೇ ಸಲಕ್ಕೆ ಎರಡು ಮೆಟ್ಟಿಲು ಹೋಯಿತು. ಬೇರೆ ಗಾಡಿಯ ಒಂದು ಆಯಿಲ್ ಪಂಪ್ ಹುಡುಕಿ ಹಾಕಿಸಿಕೊಂಡ. ಬ್ಲಾಕ್ ತೆಗೆದುಕೊಂಡು ಹೋಗುವಾಗ ಆರ್‌ಸಿ ಕವರಿನಲ್ಲಿ ಇಡಲು ಒಂದು ಚೀಟಿ ಬರೆದುಕೊಡಿ ಅಂದ. ಬೋರ್ 51, ಪಿಸ್ಟನ್ 1.00 ಓವರ್‌ಸೈಜ್, ಪೋರ್ಟ್ ಮುಟ್ಟಿಲ್ಲ, ಹೆಡ್ ಶೇವ್ ಇಲ್ಲ, ಪಂಪ್ ಹಾಕಿಸಿದೆ, ಮುಂದಿನ ಸಲ ಸ್ಲೀವ್ ಎಂದು ಬರೆದು ತಾರೀಖು ಹಾಕಿ ಕೊಟ್ಟೆ. "ಮುಂದೆ ಯಾರಿಗಾದ್ರೂ ಕೊಟ್ರೆ ಇದನ್ನೂ ಕೊಡ್ತೀನಿ ಅಣ್ಣಾ" ಎಂದು ಜೇಬಿಗೆ ಇಟ್ಟುಕೊಂಡ.

ನಿಮ್ಮ ಬ್ಲಾಕನ್ನೂ ತನ್ನಿ. ಗೇಜ್ ಹಚ್ಚಿ ಅಳೆದು ಚೀಟಿ ಬರೆಯಲು ಹತ್ತು ನಿಮಿಷ, ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ನಿಮ್ಮ ಅಣ್ಣ,
ಹರಿಹರದ ಒಬ್ಬ ಬೋರಿಂಗ್ ಕೆಲಸಗಾರ